ಅತ್ತವರ ಮನೆಯ ನೀರು

ಕಾದಂಬರಿ ಓದಿ ಯಾರಿಗಾಗಿ ಅತ್ತರೂ ಅವರೇ ಮರುದಿನ ಪುಸ್ತಕದಿಂದೆದ್ದು ಮನೆ ಬಾಗಿಲಿಗೆ ಬರುವುದು ಮೈಸೂರಿಗೆ ಹೊಸದೇನಲ್ಲ. ಇಂದುಮತಿಯವರ ಓದುಗರ ಬಳಗದಲ್ಲಂತೂ ಯಾರ ಮನೆಗೆ ಎಂಥ ಬಡವ ಬಂದ ಎಂಬುದೇ ಜಂಬದ ಸಂಗತಿ. ಈ ಸಲ ಅವರು, ಜೀತದಾಳು ಸಿದ್ದಮಾರನಿಗೆ ಒಡೆಯನ ಮನೆಯಲ್ಲಿ ತೆಂಗಿನ ಚಿಪ್ಪಿನಲ್ಲಿ ನೀರು ಕೊಡುವ ಪುಟ ಓದಿ ಗೋಳೋ ಎಂದು ಅತ್ತಿದ್ದರು. ಎಲ್ಲರೂ ಓದಲೇಬೇಕಾದ ಪುಸ್ತಕವೆಂದು ಊರಿಗೆಲ್ಲ ಸಾರಿದ್ದರು.

ಬೆಳಿಗ್ಗೆ ಸಿದ್ದಮಾರ ಬಂದು ಹೊಸ್ತಿಲಾಚೆಯೇ ನಿಂತ.

"ನಿನ್ನ ಕಥೆ ಓದಿ ನನ್ನ ಪಾಪವೆಲ್ಲ ತೊಳೆದುಹೋಯ್ತಪ್ಪ," ಎನ್ನುತ್ತ ಇಂದುಮತಿ, ಕೆಲಸದ ಪುಟ್ಟತಾಯಿಗೆಂದು ಹಿತ್ತಲ ಕಿಟಕಿಯಲ್ಲಿ ಬೇರೆಯಾಗಿಟ್ಟಿದ್ದ ಲೋಟದಲ್ಲಿ ನೀರು ತಂದುಕೊಟ್ಟರು.

ಅವನು ಲೋಟ ನೋಡಿ ನಕ್ಕ. "ನಮ್ಮೊಡೇರು ಚಿಪ್ಪು ಮಡಗಿದ್ರು. ನೀವು ಸ್ಟೀಲು ಮಡಗಿದ್ದೀರಿ. ಕೊನೇ ಅಧ್ಯಾಯ ಓದಿದ್ರಾ ಅವ್ವಾ?"

"ಇಲ್ಲಪ್ಪ, ಅಳು ತಡೆಯೋಕಾಗ್ದೆ ಅಲ್ಲಿಗೇ ಬಿಟ್ಟೆ."

"ಓದಿ. ನಾವೆಲ್ಲ ಒಟ್ಟಾಗಿ ಆ ಮನೆಗೆ ನುಗ್ಗೋದು ಅಲ್ಲೇ ಬರೋದು." ನೀರು ಮುಟ್ಟದೆ ಲೋಟವನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದ.

ಪಾತ್ರೆ ತಿಕ್ಕುತ್ತಿದ್ದ ಪುಟ್ಟತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಅಮ್ಮಾರೆ, ಆ ಪುಸ್ತಕ ಕೊಡ್ತೀರಾ? ಓದಿ ತಂದ್ಕೊಡ್ತೀನಿ."

ಎಲ್ಲರೂ ಓದಲೇಬೇಕಾದ ಆ ಪುಸ್ತಕವನ್ನು ಇಂದುಮತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.