ಏನೂ ಮುಟ್ಟಬೇಡಿ

ಕಟ್ಟಡದ ಒಂದೇ ಇಂಟರ್‌ನೆಟ್ ರೌಟರನ್ನು ಆಸ್ಪತ್ರೆಗೂ ಕೋಚಿಂಗ್ ಸೆಂಟರಿಗೂ ಬೇರೆಬೇರೆ ಪಾಲು ಮಾಡಲು ಚನ್ನವೀರ ಕುಳಿತಿದ್ದ. ಕೈತಪ್ಪಿದರೆ ಕಾಪಾಡಲಿ ಎಂದು, ತಾನು ತಡೆಯದಿದ್ದರೆ ಇಪ್ಪತ್ತು ನಿಮಿಷಕ್ಕೆ ಅದು ರೀಸ್ಟಾರ್ಟ್ ಆಗಿ ಮೊದಲಿನಂತಾಗುವ ಹಾಗೆ ಎಂದಿನಂತೆ ಟೈಮರ್ ಇಟ್ಟಿದ್ದ.

ಅರ್ಧ ಕೆಲಸದಲ್ಲಿ ಆಸ್ಪತ್ರೆಯ ಡಾಕ್ಟರಮ್ಮನ ಫೋನು ಬಂತು.

"ಏನ್ರೀ ಮಾಡಿದ್ರಿ? ಎಮರ್ಜೆನ್ಸಿ ಅಂತ ಮಗೂನ ಹೊಟ್ಟೆ ತೆರೆದಿದೀವಿ, ದೆಹಲಿಯಿಂದ ಹೇಳಿಕೊಡ್ತಿದ್ದ ಸರ್ಜನ್ ಸ್ಕ್ರೀನಿಂದ ಮಾಯ ಆಗಿದಾರೆ!"

"ಅಯ್ಯೋ, ಎರಡೇ ನಿಮಿಷ ಮೇಡಂ, ಕೈ ಮುಗೀತೀನಿ!"

ಒಂದೊಂದೇ ಸಾಲು ತಡಕಾಡಿದ. ಆಸ್ಪತ್ರೆಗೆ ಕೋಚಿಂಗ್ ಸೆಂಟರಿನ ನೆಟ್‌ವರ್ಕ್ ನಂಬರು ಕೊಟ್ಟುಬಿಟ್ಟಿದ್ದ. ತಿದ್ದಿದ.

"ಬಂದ್ರು, ಬಂದ್ರು! ಇನ್ನೊಂದ್ಸಲ ಹೋದ್ರೆ ಮಗು ಉಳಿಯಲ್ಲ. ದಯವಿಟ್ಟು ಏನೂ ಮುಟ್ಟಬೇಡಿ."

"ಇಲ್ಲ ಮೇಡಂ, ಮುಟ್ಟಲ್ಲ," ಎಂದು ಕೀಬೋರ್ಡಿನಿಂದ ಕೈ ತೆಗೆದು, ಕಣ್ಣು ಮುಚ್ಚಿ ಕುರ್ಚಿಗೊರಗಿದ.

ಕಣ್ಣು ತೆರೆದಾಗ ಪರದೆಯ ಮೇಲೆ ಒಂದೇ ಸಾಲಿತ್ತು: ಇಪ್ಪತ್ತು ನಿಮಿಷ ಮುಗಿಯಿತು, ರೀಸ್ಟಾರ್ಟ್ ಆಗುತ್ತಿದೆ.