ಅತ್ತೆಯ ಮೊಲ

ಬೆಳಗಿನಿಂದ ಕಾಣೆಯಾಗಿದ್ದ ಮೊಲವನ್ನು ಕೆಳಮನೆಯ ಟೈಲರ್ ಮೆಟ್ಟಿಲಡಿಯಿಂದ ಎಳೆದು ಸೊಸೆಯ ಕೈಗಿಡುವುದಕ್ಕೂ, ಮನೆ ಮಾಲೀಕರು ಗೇಟು ತಳ್ಳಿಕೊಂಡು ಬರುವುದಕ್ಕೂ ಸರಿಹೋಯಿತು. ಜೊತೆಗೆ ಹುಡುಕುತ್ತಿದ್ದ ಪಕ್ಕದ ಮನೆಯ ಡ್ರೈವರ್ ತಟ್ಟನೆ ಟಾರ್ಚ್ ಆರಿಸಿದ. ಮೊಲದ ಎದೆ ಅವಳ ಅಂಗೈಯಲ್ಲಿ ಡವಡವ ಹೊಡೆದುಕೊಳ್ಳುತ್ತಿತ್ತು.

"ಪ್ರಾಣಿ ಸಾಕಬಾರದು ಅಂತ ಮೊದಲೇ ಹೇಳಿದ್ದೆ. ಯಾರದಿದು? ಈಗಲೇ ಆಚೆ ಬಿಡಿ, ಇಲ್ಲಾಂದ್ರೆ ಮನೆ ಖಾಲಿ ಮಾಡಿ" ಎಂದು ಮಾಲೀಕರು ಮೆಟ್ಟಿಲಿಗೆ ಅಡ್ಡ ನಿಂತರು.

ಸೊಸೆ ಮೊಲವನ್ನು ಎದೆಗೆ ಒತ್ತಿಕೊಂಡಳು. ಪುಟ್ಟ ಮಗಳು ಅವಳ ಸೊಂಟಕ್ಕೆ ಅವುಚಿಕೊಂಡಳು. ಅಷ್ಟರಲ್ಲಿ ಹಿತ್ತಲಿನಿಂದ ಅತ್ತೆ ಬಂದರು. ದಿನಾ ಹಿಕ್ಕೆ ಗುಡಿಸುತ್ತಾ, 'ಈ ಪೀಡೆ ಯಾವಾಗ ತೊಲಗುತ್ತೋ' ಎಂದು ಗೊಣಗುವ ಅತ್ತೆ. ಇನ್ನು ಮುಗಿಯಿತು ಅಂದುಕೊಂಡಳು ಸೊಸೆ. ಅತ್ತೆ ಮೊಲವನ್ನು ಕಸಿದುಕೊಂಡು ತಮ್ಮ ಸ್ವೆಟರಿನೊಳಗೆ ತೂರಿಸಿ, ಒಂದೊಂದಾಗಿ ಗುಂಡಿ ಹಾಕಿದರು. ಎರಡು ಕಿವಿಗಳು ಮಾತ್ರ ಅವರ ಗದ್ದದ ಕೆಳಗೆ ನೆಟ್ಟಗೆ ನಿಂತವು.

"ನಂದು ಕಣಪ್ಪಾ" ಅಂದರು. "ಬೈಯೋಕೆ ಮನೇಲಿ ನಂಗೂ ಒಬ್ರು ಬೇಕಲ್ಲ? ಸೊಸೆಗೆ ಬೈದ್ರೆ ತಿರುಗಿ ಬೈತಾಳೆ, ಇದು ತೆಪ್ಪಗೆ ಕೇಳಿಸ್ಕೊಳ್ಳುತ್ತೆ. ಆಚೆ ಹಾಕೋದಾದ್ರೆ ನನ್ನ ಕತ್ತು ಹಿಡಿದು ಹಾಕು. ಇದೂ ಜೊತೇಲೇ ಬರುತ್ತೆ."

ಮಾಲೀಕರು ಬೆಂಬಲಕ್ಕೆಂದು ಟೈಲರ್ ಮುಖ ನೋಡಿದರು. ಅವನು ಮಂಡಿಯ ಧೂಳು ಕೊಡವಿಕೊಂಡು ಎದ್ದು, ಅತ್ತೆಯ ಪಕ್ಕಕ್ಕೆ ಬಂದು ನಿಂತ. ಡ್ರೈವರ್ ಇನ್ನೊಂದು ಪಕ್ಕಕ್ಕೆ ಬಂದ.

"ಸ್ವಲ್ಪ ಜರುಗಿ ಸಾರ್" ಅಂದ ಟೈಲರ್. "ಅಜ್ಜಿ ಮೆಟ್ಟಿಲು ಹತ್ತಿ ಮನೆಗೆ ಹೋಗ್ಬೇಕು."

ಮಾಲೀಕರು ಜರುಗಿದರು.