ತಳದ ಗೀರು

ತಂಗಿಯ ಗಂಡ ಅಡುಗೆಮನೆಯಲ್ಲಿ ಬೋರಲು ಬಿದ್ದಿದ್ದ. ತಲೆಯ ಸುತ್ತ ರಕ್ತ, ರಕ್ತದ ತುಂಬ ಗಾಜು. ಬಾಗಿಲಲ್ಲಿ ನಿಂತ ಅಣ್ಣ ಮೊದಲು ನೋಡಿದ್ದು ಗಾಜನ್ನೇ. ಹುಟ್ಟುಗುಣ. ಅಚ್ಚಿನಲ್ಲಿ ಒತ್ತಿ ತೆಗೆದ ಹಳೆಯ ದಪ್ಪ ಜಗ್ಗು. ಅಚ್ಚಿನ ಹೋಳುಗಳು ಕೂಡಿದ ಗೆರೆ ಹಿಡಿಯ ಚೂರಿನ ಮೇಲೆ ಇನ್ನೂ ಕಾಣುತ್ತಿತ್ತು. ತಂಗಿಯ ಮದುವೆಗೆ ಅವನೇ ಆರಿಸಿ ಕೊಟ್ಟದ್ದು.

"ಗಾಜಿನ ಬಟ್ಟಲು ಒಡೆದು, ಚೂರು ಹಿಡ್ಕೊಂಡು ಮೈಮೇಲೆ ಬಂದ್ರು," ಎಂದಳು ತಂಗಿ. "ನೋಡು, ಹೇಗೆ ಗೀರಿದ್ದಾರೆ. ಬಿಡಿಸಿಕೊಳ್ಳೋಕೆ ಜಗ್ಗಲ್ಲಿ ಹೊಡೆದೆ." ತೋಳು ಚಾಚಿದಳು. ರಕ್ತ ಇನ್ನೂ ಆರಿರಲಿಲ್ಲ.

"ಪೊಲೀಸರು?"

"ಪಕ್ಕದ ಮನೆಯವರು ಕರೆದಿದ್ದಾರೆ. ಇನ್ನೇನು ಬರ್ತಾರೆ."

ಹಳೆ ಗಾಜಿನ ಸಂತೆಗೆ ಅಣ್ಣ ಕಾಲಿಟ್ಟರೆ ಅರ್ಧ ಮಾಲು ಮುಸುಕಿನೊಳಗೆ ಹೋಗುತ್ತಿತ್ತು. ಹೊಸ ಬಟ್ಟಲಿನ ತಳವನ್ನು ಉಪ್ಪುಕಾಗದದಲ್ಲಿ ಉಜ್ಜಿ ಅಜ್ಜನ ಕಾಲದ್ದೆಂದು ಮಾರುವವರಿಗೆ ಅವನು ಯಮ. ತಳ ತಿರುಗಿಸಿ ನೋಡಿ ನಗುತ್ತಿದ್ದ: "ದಿನಾ ಎತ್ತಿ ಇಟ್ಟು ಸವೆದ ಗಾಜಿಗೆ ಗೀರು ದಿಕ್ಕುದಿಕ್ಕಿಗೆ ಬೀಳುತ್ತಪ್ಪ. ನಿಂದು ತಲೆ ಬಾಚಿದ ಹಾಗಿದೆ." ಹಾಗೆ ಸಿಕ್ಕಿಬಿದ್ದವನು ಒಮ್ಮೆ ಅವನ ಜೀವದ ಗೆಳೆಯನೇ ಆಗಿದ್ದ. ಅವನನ್ನೂ ಪೊಲೀಸರಿಗೆ ಒಪ್ಪಿಸಿದ್ದ.

ತಂಗಿಯ ತೋಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ತುಂಬ ಹೊತ್ತು ನೋಡಿದ.

"ಹೊಡೆದಾಗ ಅವನು ಏನು ಮಾಡ್ತಿದ್ದ?"

"ಹೇಳಿದೆನಲ್ಲ, ಮೈಮೇಲೆ ಬಂದ್ರು ಅಂತ."

"ನನ್ನ ಹತ್ರಾನೂ ಸುಳ್ಳಾ?"

"ಆ ಕಡೆ ತಿರುಗಿ ನೀರು ಕುಡೀತಿದ್ರು."

ಅಣ್ಣ ಅವಳ ತೋಳಿನ ಬಟ್ಟೆಯನ್ನು ಭುಜದವರೆಗೆ ಸರಿಸಿದ. ಬೆಲ್ಟಿನ ಬಾಸುಂಡೆ, ಸುಟ್ಟ ಗುರುತು, ಹಲ್ಲಿನ ಗುರುತು. ಕೆಲವು ಬೆಳ್ಳಗೆ ಮಾಸಿದ್ದವು, ಕೆಲವು ಇನ್ನೂ ನೀಲಿ. ಅಡ್ಡ, ಉದ್ದ, ಒಂದರ ಮೇಲೊಂದು. ವರ್ಷಗಟ್ಟಲೆ ಸವೆದ ಮೈ.

"ಇವೆಲ್ಲ?"

"ಮೆಟ್ಟಿಲಲ್ಲಿ ಜಾರಿ ಬಿದ್ದೆ ಅಂತಿದ್ದೆನಲ್ಲ."

"ಹೂಂ. ನಾನೂ ನಂಬಿದ್ದೆ."

ಕೆಳಗೆ ಜೀಪು ನಿಂತಿತು. ಮೆಟ್ಟಿಲ ಮೇಲೆ ಬೂಟಿನ ಸದ್ದು.

"ಅಣ್ಣಾ, ಹೇಳಿಬಿಡ್ತೀಯಾ?"

ಅವನು ಬಗ್ಗಿ, ಬಟ್ಟಲಿನ ಒಂದು ತೆಳು ಚೂರನ್ನು ಹುಡುಕಿ ಎತ್ತಿಕೊಂಡ.

"ಕೈ ಕೊಡು," ಎಂದ. "ನಿನ್ನ ಗೀರೆಲ್ಲ ಒಂದೇ ಕಡೆಗೆ ಮಲಗಿವೆ."